ಔಷಧಿ ತೆಗೆದುಕೊಂಡರೂ ಉಬ್ಬಸ ನಿಲ್ಲುತ್ತಿಲ್ಲವೇ? ಯಾವ ರಾಸಾಯನಿಕದ ಕೆಲಸವೆಂದು ಪತ್ತೆ ಮಾಡುವ ಬಗೆ

ಅಸ್ತಮಾ ಇರುವವರ ಮನೆಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದೇ: "ಔಷಧಿ ತಪ್ಪದೆ ತೆಗೆದುಕೊಳ್ಳುತ್ತಿದ್ದೇವೆ, ಆದರೂ ಉಬ್ಬಸ ಬರುತ್ತಲೇ ಇದೆ." ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ವೈದ್ಯರನ್ನು ಬದಲಾಯಿಸುತ್ತಾರೆ, ಇಲ್ಲವೇ ಅದೇ ಔಷಧಿಯನ್ನು ಇನ್ನಷ್ಟು ತೆಗೆದುಕೊಳ್ಳುತ್ತಾರೆ. ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಉಬ್ಬಸವನ್ನು ತರುತ್ತಿರುವ ರಾಸಾಯನಿಕ ಯಾವುದು? ನಾವು ತೆಗೆದುಕೊಳ್ಳುತ್ತಿರುವ ಔಷಧಿ ಅದನ್ನು ಮುಟ್ಟುತ್ತದೆಯೇ?

ಎದೆಯಲ್ಲಿ ಕೇಳುವ ಸುಯ್ ಎಂಬ ಸದ್ದು ಎಲ್ಲರಲ್ಲೂ ಒಂದೇ ಬಗೆ. ಅದರ ಹಿಂದಿನ ರಾಸಾಯನಿಕಗಳು ಮಾತ್ರ ಬೇರೆ ಬೇರೆ. ಹಿಸ್ಟಮಿನ್, ಲ್ಯೂಕೋಟ್ರೈಯೀನ್, ಪ್ರೋಸ್ಟಗ್ಲಾಂಡಿನ್, ಅಸಿಟೈಲ್‌ಕೋಲಿನ್, ಇಂಟರ್‌ಲ್ಯೂಕಿನ್ ಎಂಬ ಹೆಸರುಗಳು ಕೇಳಲು ಕಷ್ಟ. ಆದರೆ ಒಂದೊಂದಕ್ಕೂ ತನ್ನದೇ ಹೊತ್ತು, ತನ್ನದೇ ಸಂದರ್ಭ, ತನ್ನದೇ ಔಷಧಿ ಇದೆ. ಆ ಹೊತ್ತು ಮತ್ತು ಸಂದರ್ಭವನ್ನು ಗಮನಿಸುವುದು ರೋಗಿಗೂ ಮನೆಯವರಿಗೂ ಸಾಧ್ಯವಿರುವ ಕೆಲಸ. ಔಷಧಿಯನ್ನು ಬದಲಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ. ಈ ಗೆರೆಯನ್ನು ದಾಟದೆ ಓದಿ.

ಹುಡುಕುತ್ತಾ ಕೂರಬಾರದ ಸಂದರ್ಭ

ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ಅಥವಾ ಉಗುರು ನೀಲಿಯಾಗುವುದು, ನಿಮಿಷಕ್ಕೆ 120ಕ್ಕಿಂತ ಹೆಚ್ಚು ನಾಡಿ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 90ಕ್ಕಿಂತ ಕಡಿಮೆ, ಮಂಪರು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಗಾಡಿ ಬರುವವರೆಗೆ ರೋಗಿಯನ್ನು ಕೂರಿಸಿ, ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆಯಂಥ ಡಬ್ಬಿ) ಮೂಲಕ ಸಾಲ್ಬುಟಮಾಲ್ ಎಂಬ, ಬಿಗಿತವನ್ನು ಬೇಗ ಸಡಿಲಿಸುವ ಇನ್ಹೇಲರ್ ಔಷಧಿ ಕೊಡಿ. ಒಂದು ಸಲಕ್ಕೆ ಒಂದೇ ಪಫ್‌ನಂತೆ ನಾಲ್ಕರಿಂದ ಹತ್ತು ಪಫ್ ಕೊಡಬೇಕು. ಮೊದಲ ಒಂದು ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಇದನ್ನೇ ಮುಂದುವರಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಜೋರಾಗಿ ಕೇಳುತ್ತಿದ್ದ ಸುಯ್ ಸದ್ದು ನಿಂತು, ರೋಗಿ ಮಾತ್ರ ಇನ್ನಷ್ಟು ಸುಸ್ತಾಗಿದ್ದರೆ ಅದು ಗುಣವಾದ ಲಕ್ಷಣವಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ ಎಂದೇ ಅರ್ಥ.

ಶ್ವಾಸನಾಳದಲ್ಲಿ ಮೂರು ಕಡೆ ತೊಂದರೆ

ಶ್ವಾಸನಾಳ ಕಿರಿದಾಗುವುದು ಮೂರು ಬಗೆಯಲ್ಲಿ. ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಒಳಪೊರೆ ಊದಿಕೊಳ್ಳುತ್ತದೆ, ಕಫ ತುಂಬಿಕೊಳ್ಳುತ್ತದೆ. ಸ್ನಾಯುವಿನ ಬಿಗಿತ ನಿಮಿಷಗಳಲ್ಲಿ ಬಂದು ನಿಮಿಷಗಳಲ್ಲಿ ಹೋಗಬಲ್ಲದು. ಊತ ಮತ್ತು ಕಫ ಹಾಗಲ್ಲ. ಅವು ಗಂಟೆಗಳಲ್ಲಿ ಕಟ್ಟಿಕೊಂಡು, ಕರಗಲು ದಿನಗಳನ್ನೇ ತೆಗೆದುಕೊಳ್ಳುತ್ತವೆ.

ಅಲರ್ಜಿಯ ಅಸ್ತಮಾದಲ್ಲಿ ಕಥೆ ಶುರುವಾಗುವುದು ಶ್ವಾಸನಾಳದ ಗೋಡೆಯಲ್ಲಿರುವ ಮಾಸ್ಟ್ ಕೋಶಗಳಿಂದ. ಅವುಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯಗಳು ಕೂತಿರುತ್ತವೆ. ಹಾಸಿಗೆಯ ದೂಳಿನ ನುಸಿ, ಜಿರಳೆಯ ಕಸ, ಬೆಕ್ಕಿನ ರೋಮದ ಜೊತೆ ಬರುವ ಪ್ರೋಟೀನ್, ಪರಾಗ, ಇವುಗಳಲ್ಲಿ ಯಾವುದಕ್ಕೆ ಆ ಐಜಿಇ ರೂಪುಗೊಂಡಿದೆಯೋ ಅದು ಬಂದು ತಗುಲಿದೊಡನೆ ಕೋಶ ಸಿಡಿದಂತೆ ತನ್ನ ಸರಕನ್ನು ಹೊರಗೆ ಚೆಲ್ಲುತ್ತದೆ. ಮೊದಲೇ ತಯಾರಾಗಿ ಕೂತಿದ್ದ ಹಿಸ್ಟಮಿನ್ ಮತ್ತು ಟ್ರಿಪ್ಟೇಸ್ ತಕ್ಷಣ ಹೊರಬರುತ್ತವೆ. ಅದರ ಬೆನ್ನಿಗೇ ಕೋಶದ ಪೊರೆಯ ಕೊಬ್ಬಿನಿಂದ ಅರಾಕಿಡಾನಿಕ್ ಆಮ್ಲ ಬಿಡುಗಡೆಯಾಗಿ, ಅದರಿಂದ ಎರಡು ಬಗೆಯ ಹೊಸ ರಾಸಾಯನಿಕಗಳು ಸಿದ್ಧವಾಗುತ್ತವೆ. ಒಂದು ದಾರಿಯಲ್ಲಿ ಪ್ರೋಸ್ಟಗ್ಲಾಂಡಿನ್‌ಗಳು, ಇನ್ನೊಂದು ದಾರಿಯಲ್ಲಿ ಲ್ಯೂಕೋಟ್ರೈಯೀನ್‌ಗಳು. ಈ ಕವಲುದಾರಿಯನ್ನು ನೆನಪಿನಲ್ಲಿಡಿ, ನೋವಿನ ಮಾತ್ರೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊದಲ ಪರೀಕ್ಷೆ: ಉಬ್ಬಸ ಬಂದದ್ದು ಯಾವಾಗ?

ಮೂಲೆಯ ಕೋಣೆ ಗುಡಿಸಿದ ಹತ್ತು ಹದಿನೈದು ನಿಮಿಷಕ್ಕೇ ಎದೆ ಬಿಗಿದು, ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿದರೆ ಅದು ಮಾಸ್ಟ್ ಕೋಶದ ತಕ್ಷಣದ ಪ್ರತಿಕ್ರಿಯೆ. ಬಿಗಿತದ್ದೇ ಮೇಲುಗೈ. ಸಾಲ್ಬುಟಮಾಲ್‌ಗೆ ಚೆನ್ನಾಗಿ ಬಗ್ಗುತ್ತದೆ.

ಅದೇ ವ್ಯಕ್ತಿಗೆ ಬೆಳಿಗ್ಗೆ ಗುಡಿಸಿದ್ದಕ್ಕೆ ಸಂಜೆ ಮತ್ತೆ ಉಬ್ಬಸ ಬಂದರೆ ಮನೆಯವರು ಅದನ್ನು ಬೇರೆ ಯಾವುದೋ ಕಾರಣಕ್ಕೆ ಹಚ್ಚುತ್ತಾರೆ. ಮಧ್ಯಾಹ್ನ ತಿಂದ ಬಾಳೆಹಣ್ಣಿಗೆ, ಮೊಸರಿಗೆ. ಬಹಳ ಸಲ ನಿಜವಾದ ಕಾರಣ ಬೆಳಗಿನ ದೂಳೇ. ಮೊದಲ ಪ್ರತಿಕ್ರಿಯೆ ಇಳಿದ ಮೇಲೆ ಮೂರು ನಾಲ್ಕು ಗಂಟೆಗೆ ಎರಡನೆಯ ಅಲೆ ಏಳುತ್ತದೆ, ಕೆಲವರಲ್ಲಿ ಮರುದಿನದವರೆಗೂ ಉಳಿಯುತ್ತದೆ. ಇದನ್ನು ನಡೆಸುವುದು ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ, ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನ್‌ಗಳು. ಐದನೆಯದು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸಿ, ಬದುಕಿಸಿ ಇಡುತ್ತದೆ. ಹದಿಮೂರನೆಯದು ಕಫವನ್ನು ಹೆಚ್ಚಿಸುತ್ತದೆ. ನಾಲ್ಕನೆಯದು ಇನ್ನಷ್ಟು ಐಜಿಇ ತಯಾರಾಗುವಂತೆ ನೋಡಿಕೊಳ್ಳುತ್ತದೆ. ಇಲ್ಲಿ ಬಿಗಿತಕ್ಕಿಂತ ಊತದ ಪಾಲು ದೊಡ್ಡದು. ಹಾಗಾಗಿ ಸಾಲ್ಬುಟಮಾಲ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಬೇಕಾಗಿರುವುದು ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್.

ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಎಚ್ಚರವಾಗುತ್ತಿದೆಯೇ? ರಾತ್ರಿ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತೀರಾ ಕಡಿಮೆಯಾಗುತ್ತದೆ. ವೇಗಸ್ ನರ ಚುರುಕಾಗಿ ಅಸಿಟೈಲ್‌ಕೋಲಿನ್ ಬಿಡುಗಡೆ ಮಾಡುತ್ತದೆ, ಅದು ಸ್ನಾಯುವನ್ನು ಬಿಗಿಸುತ್ತದೆ. ಅಸ್ತಮಾ ಇರುವವರ ಶ್ವಾಸನಾಳ ದಿನದಲ್ಲೇ ಅತಿ ಕಿರಿದಾಗಿರುವುದು ಈ ಹೊತ್ತಿನಲ್ಲಿ. ರಾತ್ರಿ ಎಚ್ಚರವಾಗುವುದು ಸಣ್ಣ ವಿಷಯವಲ್ಲ. ಹಗಲು ಎಷ್ಟೇ ಆರಾಮವಾಗಿದ್ದರೂ ಊತ ಹತೋಟಿಯಲ್ಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ವೈದ್ಯರಿಗೆ ಇದನ್ನು ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ದೋಷ: ಇನ್ಹೇಲರ್ ಹೊಡೆದರೆ ಸರಿಹೋಗುತ್ತದೆ, ಆದರೆ ದಿನವೂ ಬೇಕಾಗುತ್ತದೆ

ಸಾಲ್ಬುಟಮಾಲ್ ಯಾವ ರಾಸಾಯನಿಕವನ್ನೂ ಹುಡುಕಿ ತಡೆಯುವುದಿಲ್ಲ. ಬಿಗಿಸಿದ್ದು ಹಿಸ್ಟಮಿನ್ ಇರಲಿ, ಲ್ಯೂಕೋಟ್ರೈಯೀನ್ ಇರಲಿ, ಅದು ನೇರವಾಗಿ ಸ್ನಾಯುವಿನ ಬೀಟಾ ಗ್ರಾಹಕಕ್ಕೆ (ರಾಸಾಯನಿಕ ಬಂದು ಕೂರುವ ತಾಣಕ್ಕೆ) ಹೋಗಿ ಸಡಿಲಿಸುತ್ತದೆ. ಐದು ನಿಮಿಷದಲ್ಲಿ ಹಗುರವೆನಿಸುವುದು ಅದಕ್ಕಾಗಿ. ನಾಲ್ಕರಿಂದ ಆರು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಅಷ್ಟು ಹೊತ್ತೂ ಒಳಗೆ ಇಂಟರ್‌ಲ್ಯೂಕಿನ್‌ಗಳು ತಮ್ಮ ಕೆಲಸ ನಡೆಸುತ್ತಲೇ ಇರುತ್ತವೆ. ಒಲೆ ಉರಿಯುತ್ತಿರುವಾಗ ಹೊಗೆ ಹೋಗಲೆಂದು ಕಿಟಕಿ ತೆರೆದಷ್ಟೇ ಇದರ ಪ್ರಯೋಜನ.

ಇನ್ನೂ ಕೆಟ್ಟ ಸಂಗತಿ, ಸಾಲ್ಬುಟಮಾಲ್ ಒಂದನ್ನೇ ದಿನವೂ ಬಳಸುತ್ತಾ ಹೋದರೆ ಗ್ರಾಹಕಗಳ ಸ್ಪಂದನೆಯೇ ತಗ್ಗುತ್ತದೆ. 200 ಪಫ್‌ಗಳ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ತೀವ್ರ ಉಬ್ಬಸದ ಅಪಾಯ ಏರುತ್ತದೆ. ಹನ್ನೆರಡನ್ನು ಮುಟ್ಟಿದರೆ ಸಾವಿನ ಅಪಾಯವೂ ಏರುತ್ತದೆ. 2019ರಲ್ಲಿ ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯಾದ ಜೀನಾ, ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸಾಲ್ಬುಟಮಾಲ್‌ನಂಥ ಔಷಧಿಯೊಂದನ್ನೇ ಕೊಡುವ ಪದ್ಧತಿಯನ್ನು ಕೈಬಿಟ್ಟಿತು. ಅದರ ಜಾಗಕ್ಕೆ ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡ್ ಮತ್ತು ಬೇಗ ಕೆಲಸ ಮಾಡುವ ಫಾರ್ಮೊಟೆರಾಲ್ ಎರಡೂ ಇರುವ ಇನ್ಹೇಲರ್ ಬಂದಿದೆ. ಉಬ್ಬಸ ಬಂದಾಗಲೂ ಅದನ್ನೇ ಬಳಸಬಹುದು. ಬಿಗಿತ ಸಡಿಲವಾಗುವಾಗಲೇ ಊತಕ್ಕೂ ಮದ್ದು ಬೀಳುತ್ತದೆ.

ನಿಮ್ಮ ಮನೆಯ ಡಬ್ಬಿಗಳನ್ನು ಎಣಿಸಿ ನೋಡಿ. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ ಆ ಇನ್ಹೇಲರನ್ನು ಬೀರುವಿನಲ್ಲಿಟ್ಟು, ನೀಲಿ ಡಬ್ಬಿಯೊಂದನ್ನೇ ನಂಬಿರುವವರು ಎಷ್ಟೋ ಮಂದಿ. ಉಸಿರಿನಲ್ಲಿ ಎಳೆದುಕೊಳ್ಳುವ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ, ಮಾತ್ರೆಯದ್ದು ಮಿಲಿಗ್ರಾಂಗಳಲ್ಲಿ. ಇನ್ಹೇಲರ್‌ಗೆ ಹೆದರಿ ದೂರವಿದ್ದವರು ಕೊನೆಗೆ ತೀವ್ರ ಉಬ್ಬಸದಲ್ಲಿ ಆಸ್ಪತ್ರೆ ಸೇರಿ ನುಂಗುವುದೂ, ಚುಚ್ಚಿಸಿಕೊಳ್ಳುವುದೂ ಸ್ಟೀರಾಯ್ಡನ್ನೇ, ಅದೂ ನೂರಾರು ಪಟ್ಟು ಹೆಚ್ಚು.

ದೋಷ: ಅಲರ್ಜಿ ಮಾತ್ರೆಯಿಂದ ಮೂಗು ಸರಿಹೋಯಿತು, ಎದೆ ಸರಿಹೋಗಲಿಲ್ಲ

ಸೆಟಿರಿಜಿನ್, ಲೆವೊಸೆಟಿರಿಜಿನ್ ತಡೆಯುವುದು ಹಿಸ್ಟಮಿನ್ ಒಂದನ್ನು. ಸೀನು, ತುರಿಕೆ, ಮೂಗು ಸೋರುವುದರಲ್ಲಿ ಹಿಸ್ಟಮಿನ್ ಪಾಲು ಹಿರಿದು, ಅಲ್ಲಿ ಮಾತ್ರೆ ಗೆಲ್ಲುತ್ತದೆ. ಶ್ವಾಸನಾಳದಲ್ಲಿ ಅದು ಹಲವರಲ್ಲಿ ಒಬ್ಬ ಮಾತ್ರ.

ಇದು ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಹೊಳೆದಿತ್ತು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಫೆಲ್ಡ್‌ಬರ್ಗ್ ಮತ್ತು ಕೆಲ್ಲಾವೇ ಎಂಬ ಸಂಶೋಧಕರು ಗಿನಿಯಿಲಿಯ ಶ್ವಾಸಕೋಶಕ್ಕೆ ನಾಗರಹಾವಿನ ವಿಷ ಹಾಯಿಸಿದಾಗ ಹೊರಬಂದ ದ್ರವದಲ್ಲಿ ಸ್ನಾಯುವನ್ನು ನಿಧಾನವಾಗಿ, ಬಹಳ ಹೊತ್ತು ಬಿಗಿಸುವ ವಸ್ತುವೊಂದಿತ್ತು. ಹಿಸ್ಟಮಿನ್ ಹಾಗೆ ನಡೆದುಕೊಳ್ಳುವುದಿಲ್ಲ. ಅದೇನೆಂದು ತಿಳಿಯಲು ನಾಲ್ಕು ದಶಕ ಬೇಕಾಯಿತು. 1979ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಅವರ ತಂಡ ಅದರ ರಚನೆಯನ್ನು ಬಿಡಿಸಿತು. ಅವೇ ಲ್ಯೂಕೋಟ್ರೈಯೀನ್‌ಗಳು. 1982ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಶ್ವಾಸನಾಳವನ್ನು ಬಿಗಿಸುವ ಶಕ್ತಿಯಲ್ಲಿ ಲ್ಯೂಕೋಟ್ರೈಯೀನ್ ಡಿ4, ಹಿಸ್ಟಮಿನ್‌ಗಿಂತ ಸುಮಾರು ಸಾವಿರ ಪಟ್ಟು ಮುಂದು. ಹಿಸ್ಟಮಿನ್ ಒಂದನ್ನೇ ತಡೆದರೆ ಎದೆ ಏಕೆ ಹಗುರಾಗುವುದಿಲ್ಲ ಎಂಬುದಕ್ಕೆ ಈ ಸಂಖ್ಯೆಯೇ ಸಾಕು.

ಈ ಲ್ಯೂಕೋಟ್ರೈಯೀನ್‌ನ ಗ್ರಾಹಕವನ್ನು ಮುಚ್ಚುವ ಮಾತ್ರೆ ಮಾಂಟೆಲುಕಾಸ್ಟ್. ನಮ್ಮಲ್ಲಿ ಇದು ಲೆವೊಸೆಟಿರಿಜಿನ್ ಜೊತೆ ಸೇರಿ ಒಂದೇ ಮಾತ್ರೆಯಾಗಿ, ಕೆಮ್ಮು ನೆಗಡಿಗೆಲ್ಲ ಧಾರಾಳವಾಗಿ ಸಿಗುತ್ತದೆ. ನನಗೆ ಇದು ಕಳವಳದ ವಿಷಯ. ಏಕೆಂದರೆ ಇದು ಸ್ಟೀರಾಯ್ಡ್ ಇನ್ಹೇಲರ್‌ನ ಬದಲಿ ಅಲ್ಲ, ಇಂಟರ್‌ಲ್ಯೂಕಿನ್‌ಗಳನ್ನು ಮುಟ್ಟುವುದಿಲ್ಲ. ಕೆಲವರಲ್ಲಿ ಇದರಿಂದ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡುಬಂದಿದ್ದರಿಂದ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಔಷಧಿಯ ಮಾಹಿತಿ ಪತ್ರದಲ್ಲಿ ಅತಿ ಗಂಭೀರ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಮಾತ್ರೆ ಶುರುವಾದ ಮೇಲೆ ಮಗು ರಾತ್ರಿ ಬೆಚ್ಚಿ ಅಳುತ್ತಿದ್ದರೆ, ಸ್ವಭಾವ ಬದಲಾಗಿದ್ದರೆ, ಅದನ್ನು ಹಟವೆಂದು ಗದರಿಸಬೇಡಿ. ಅಂದೇ ವೈದ್ಯರಿಗೆ ತಿಳಿಸಿ.

ದೋಷ: ತಲೆನೋವಿಗೆ, ಮಂಡಿನೋವಿಗೆ ಮಾತ್ರೆ ನುಂಗಿದ ಮೇಲೆ ಉಬ್ಬಸ

ಹುಡುಕಿದರೆ ಸುಲಭವಾಗಿ ಸಿಕ್ಕುವ, ಆದರೆ ಯಾರೂ ಹುಡುಕದೆ ವರ್ಷಗಟ್ಟಲೆ ಉಳಿದುಬಿಡುವ ದೋಷ ಇದು. ವಯಸ್ಕ ಅಸ್ತಮಾ ರೋಗಿಗಳಲ್ಲಿ ಸುಮಾರು 7 ಶೇಕಡಾ, ತೀವ್ರ ಅಸ್ತಮಾ ಇರುವವರಲ್ಲಿ ಸುಮಾರು 15 ಶೇಕಡಾ ಮಂದಿಗೆ ಇದೆ.

ಅರಾಕಿಡಾನಿಕ್ ಆಮ್ಲದ ಕವಲುದಾರಿಗೆ ಹಿಂತಿರುಗಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ, ಇವೆಲ್ಲ ಪ್ರೋಸ್ಟಗ್ಲಾಂಡಿನ್‌ಗಳ ದಾರಿಯ ಕಾಕ್ಸ್-1 ಎಂಬ ಕಿಣ್ವವನ್ನು ತಡೆಯುತ್ತವೆ. ಆ ದಾರಿಯಲ್ಲಿ ತಯಾರಾಗುವ ಪ್ರೋಸ್ಟಗ್ಲಾಂಡಿನ್ ಇ2, ಲ್ಯೂಕೋಟ್ರೈಯೀನ್ ತಯಾರಿಕೆಗೆ ಕಡಿವಾಣ ಹಾಕುವ ವಸ್ತು. ಈ ಬಗೆಯ ರೋಗಿಗಳಲ್ಲಿ ಅದು ಮೊದಲೇ ಕೊರತೆಯಲ್ಲಿರುತ್ತದೆ. ಮಾತ್ರೆ ಅದನ್ನು ಇನ್ನಷ್ಟು ತಗ್ಗಿಸಿದೊಡನೆ ಲ್ಯೂಕೋಟ್ರೈಯೀನ್ ಪ್ರವಾಹದಂತೆ ನುಗ್ಗುತ್ತದೆ.

ಗುರುತಿಸುವುದು ಹೇಗೆ? ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ ಸೋರುತ್ತದೆ, ಕಣ್ಣು ಕೆಂಪಾಗುತ್ತದೆ, ಮುಖ ಬಿಸಿಯಾಗುತ್ತದೆ, ಉಬ್ಬಸ ಏರುತ್ತದೆ. ಜೊತೆಗೆ ಹಿನ್ನೆಲೆಯನ್ನು ಕೇಳಿ: ಮೂವತ್ತರ ಆಸುಪಾಸಿನಲ್ಲಿ ಶುರುವಾದ ಅಸ್ತಮಾ, ಸದಾ ಕಟ್ಟಿದ ಮೂಗು, ಮೂಗಿನೊಳಗೆ ದುರ್ಮಾಂಸ, ಒಗ್ಗರಣೆಯ ವಾಸನೆಯೂ ತಿಳಿಯದಷ್ಟು ಹೋಗಿಬಿಟ್ಟ ಘ್ರಾಣ. ಮೂಗಿನ ಶಸ್ತ್ರಚಿಕಿತ್ಸೆಯಾಗಿಯೂ ದುರ್ಮಾಂಸ ಮತ್ತೆ ಬೆಳೆದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇದರಲ್ಲಿ ಐಜಿಇ ಪಾತ್ರವಿಲ್ಲದ್ದರಿಂದ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. "ಅಲರ್ಜಿ ಪರೀಕ್ಷೆ ಸರಿಯಾಗಿಯೇ ಇದೆ" ಎಂಬ ಸಮಾಧಾನ ಇಲ್ಲಿ ನಿಲ್ಲದು.

ನಮ್ಮ ಅಂಗಡಿಗಳಲ್ಲಿ ಇನ್ನೊಂದು ತೊಡಕಿದೆ. ಪ್ಯಾರಾಸಿಟಮಾಲ್ ಎಂದುಕೊಂಡು ತಂದ ಪಟ್ಟಿಯಲ್ಲಿ ಐಬುಪ್ರೊಫೇನ್ ಅಥವಾ ಅಸಿಕ್ಲೊಫೆನಾಕ್ ಕೂಡಿರುವುದು ತೀರಾ ಸಾಮಾನ್ಯ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಬರಿಯ ಪ್ಯಾರಾಸಿಟಮಾಲ್ ಸಾಧಾರಣ ಪ್ರಮಾಣದಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಒಂದೇ ಸಲಕ್ಕೆ 1000 ಮಿಲಿಗ್ರಾಂ ತೆಗೆದುಕೊಂಡರೆ ಕೆಲವರಲ್ಲಿ ಅದೂ ಕೆಣಕುತ್ತದೆ. ಹಲ್ಲು ಕೀಳಿಸುವಾಗ, ಸೊಂಟನೋವಿಗೆ ಚುಚ್ಚುಮದ್ದು ಹಾಕಿಸುವಾಗ ಮೊದಲೇ ಹೇಳಿ. ಹೃದಯಕ್ಕಾಗಿ ಆಸ್ಪಿರಿನ್ ಬೇಕೇ ಬೇಕಾದವರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ತಜ್ಞರ ಕಣ್ಗಾವಲಿನಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟು ಒಗ್ಗಿಸುವ ಕ್ರಮವಿದೆ. ಇದನ್ನು ಮನೆಯಲ್ಲಿ ಪರೀಕ್ಷಿಸಿ ನೋಡುವ ಯೋಚನೆಯೂ ಬೇಡ, ಪ್ರಾಣಕ್ಕೆ ಎರವಾದೀತು. ಮಾಂಟೆಲುಕಾಸ್ಟ್‌ಗೆ ನಿಜವಾದ ಕೆಲಸ ಸಿಗುವ ಜಾಗಗಳಲ್ಲಿ ಇದೂ ಒಂದು.

ದೋಷ: ಓಡಿದಾಗಲ್ಲ, ಓಡಿ ನಿಂತ ಮೇಲೆ ಉಬ್ಬಸ

ಮಕ್ಕಳಲ್ಲಿ ಇದು ಹೆಚ್ಚು. ಬಾಯಿಂದ ಜೋರಾಗಿ ಉಸಿರಾಡುವಾಗ ಶ್ವಾಸನಾಳದ ತೇವ ಆರಿ, ಅಲ್ಲಿನ ದ್ರವ ಗಾಢವಾಗುತ್ತದೆ. ಮಾಸ್ಟ್ ಕೋಶಗಳಿಗೆ ಅಷ್ಟೇ ಸಾಕು. ಆಟ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಉಬ್ಬಸ ಬಂದು, ಅರ್ಧ ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ. ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಶುರುಮಾಡುವುದು, ವೈದ್ಯರು ಹೇಳಿದ ಔಷಧಿಯನ್ನು ಆಟಕ್ಕೆ ಮೊದಲು ಎಳೆದುಕೊಳ್ಳುವುದು ಇದಕ್ಕೆ ಪರಿಹಾರ. ಮಗುವನ್ನು ಆಟದಿಂದ ಬಿಡಿಸುವುದು ಪರಿಹಾರವಲ್ಲ.

ದೋಷ: ಎಲ್ಲ ಔಷಧಿಯೂ ಇದೆ, ಯಾವುದೂ ನಾಟುತ್ತಿಲ್ಲ

ರಾಸಾಯನಿಕವನ್ನು ದೂರುವ ಮೊದಲು ಔಷಧಿ ಅದರ ಬಳಿಗೆ ಹೋಗುತ್ತಿದೆಯೇ ನೋಡಿ. ಗಾಳಿಯೊತ್ತಡದ ಇನ್ಹೇಲರನ್ನು ಅಲುಗಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಒತ್ತಿದೊಡನೆ ನಿಧಾನವಾಗಿ ಆಳವಾಗಿ ಎಳೆದು, ಹತ್ತು ಸೆಕೆಂಡು ಹಿಡಿಯಬೇಕು. ಪುಡಿಯ ಇನ್ಹೇಲರ್‌ನಲ್ಲಿ ಇದಕ್ಕೆ ತದ್ವಿರುದ್ಧ, ರಭಸದಿಂದ ಎಳೆಯಬೇಕು. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚಿದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಸಾಧನದಲ್ಲಿ ಹಾಕಿ ಎಳೆಯಬೇಕಾದ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗುವವರೂ ಇದ್ದಾರೆ. ಮಳೆಗಾಲದಲ್ಲಿ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ಆಮೇಲೆ ಬೇರೆ ಔಷಧಿಗಳ ಪಟ್ಟಿ ನೋಡಿ. ಪ್ರೊಪ್ರನಾಲಾಲ್‌ನಂಥ ಮಾತ್ರೆ ಮಾತ್ರವಲ್ಲ, ಗ್ಲುಕೋಮಾಕ್ಕೆ ಕಣ್ಣಿಗೆ ಹಾಕುವ ಟಿಮೋಲಾಲ್ ಹನಿ ಕೂಡ ಬೀಟಾ ಗ್ರಾಹಕವನ್ನು ಮುಚ್ಚಿ, ಸಾಲ್ಬುಟಮಾಲ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್ ನುಂಗುವವರ ಒಣಕೆಮ್ಮು ಅಸ್ತಮಾ ಅಲ್ಲದೆಯೂ ಇರಬಹುದು. ಅದರ ಹಿಂದೆ ಬ್ರಾಡಿಕಿನಿನ್ ಎಂಬ ಇನ್ನೊಂದು ರಾಸಾಯನಿಕವಿದೆ.

ಇಷ್ಟಾದ ಮೇಲೂ ಹತೋಟಿಗೆ ಬರದಿದ್ದರೆ ಇದು ಅಸ್ತಮಾವೇ ಎಂದು ಸ್ಪೈರೋಮೆಟ್ರಿಯಲ್ಲಿ, ಅಂದರೆ ಊದಿದ ಉಸಿರನ್ನು ಅಳೆಯುವ ಪರೀಕ್ಷೆಯಲ್ಲಿ, ಖಚಿತಪಡಿಸಿಕೊಳ್ಳಬೇಕು. ಔಷಧಿ ಎಳೆದ ಮೇಲೆ ಮೊದಲ ಸೆಕೆಂಡಿನಲ್ಲಿ ಊದಿ ಹೊರಬಿಡುವ ಗಾಳಿ 12 ಶೇಕಡಾ ಮತ್ತು 200 ಮಿಲಿಲೀಟರ್ ಏರಿದರೆ ವಯಸ್ಕರಲ್ಲಿ ಅದು ಅಸ್ತಮಾ ಕಡೆಗೆ ಬೆರಳು ತೋರುತ್ತದೆ. ಎರಡನೆಯದು ರಕ್ತದ ಇಯೋಸಿನೋಫಿಲ್ ಎಣಿಕೆ. ಮೂರನೆಯದು ಉಸಿರಿನ ನೈಟ್ರಿಕ್ ಆಕ್ಸೈಡ್. ವಯಸ್ಕರಲ್ಲಿ ಇದು ಶತಕೋಟಿಗೆ 50 ಭಾಗಕ್ಕಿಂತ ಹೆಚ್ಚಿದ್ದರೆ ಇಂಟರ್‌ಲ್ಯೂಕಿನ್ 13ರ ದಾರಿ ಉರಿಯುತ್ತಿದೆ, ಸ್ಟೀರಾಯ್ಡ್ ಒಂದೋ ತಲುಪುತ್ತಿಲ್ಲ ಅಥವಾ ಸಾಲುತ್ತಿಲ್ಲ. 25ಕ್ಕಿಂತ ಕಡಿಮೆ ಇದ್ದು ಇಯೋಸಿನೋಫಿಲ್ ಕೂಡ ಕಡಿಮೆ ಇದ್ದರೆ ಸ್ಟೀರಾಯ್ಡ್ ಏರಿಸಿ ಪ್ರಯೋಜನ ಕಡಿಮೆ. ಬೀಡಿ ಸಿಗರೇಟು ಸೇದುವವರಲ್ಲಿ ಸ್ಟೀರಾಯ್ಡ್ ಸರಿಯಾಗಿ ನಾಟುವುದಿಲ್ಲ.

ಹಳದಿ ಹಸಿರು ಕಫ ಕಂಡೊಡನೆ ಆಂಟಿಬಯೋಟಿಕ್ ಕೇಳಬೇಡಿ. ಇಯೋಸಿನೋಫಿಲ್‌ಗಳೊಳಗಿನ ಕಿಣ್ವಕ್ಕೂ ಅದೇ ಬಣ್ಣ ಕೊಡುವ ಗುಣವಿದೆ.

ಇಯೋಸಿನೋಫಿಲ್ ಏರಿದ್ದಕ್ಕೆಲ್ಲ ಅಸ್ತಮಾ ಎನ್ನುವಂತಿಲ್ಲ. ಜಂತುಹುಳು ಇದ್ದರೂ ಏರುತ್ತದೆ. ಆನೆಕಾಲು ರೋಗ ಬೇರೂರಿದ್ದ ನಮ್ಮ ಕರಾವಳಿಯಲ್ಲಿ, ಕಲಬುರಗಿ ಬೀದರ್ ಭಾಗದಲ್ಲಿ ಇನ್ನೊಂದು ಅನುಮಾನವೂ ಇರಬೇಕು. ರಾತ್ರಿಯ ಕೆಮ್ಮು, ಸುಯ್ ಸದ್ದು, ತೂಕ ಇಳಿಯುವುದು, ಮೈಕ್ರೋಲೀಟರ್ ರಕ್ತಕ್ಕೆ 3000ಕ್ಕಿಂತ ಹೆಚ್ಚು ಇಯೋಸಿನೋಫಿಲ್, ಇವು ಸೇರಿದರೆ ಆ ರೋಗದ ಹುಳಕ್ಕೆ ಶ್ವಾಸಕೋಶ ತೋರುವ ಪ್ರತಿಕ್ರಿಯೆ ಆಗಿರಬಹುದು. ಅದಕ್ಕೆ ಡೈಎಥಿಲ್‌ಕಾರ್ಬಮಜಿನ್ ಮಾತ್ರೆ ಬೇಕು, ಇನ್ಹೇಲರ್ ಅಲ್ಲ. ಐಜಿಇ ಸಾವಿರ ದಾಟಿ, ಕಂದು ಬಣ್ಣದ ಗಟ್ಟಿ ಕಫ ಬರುತ್ತಿದ್ದರೆ ಆಸ್ಪರ್‌ಜಿಲ್ಲಸ್ ಎಂಬ ಬೂಸಿನ ಅಲರ್ಜಿಯನ್ನು ಹುಡುಕಬೇಕು.

ಔಷಧಿ ಸೋತಿತು ಎನ್ನುವ ಮೊದಲು ಎಷ್ಟು ಕಾಯಬೇಕು?

ಸಾಲ್ಬುಟಮಾಲ್‌ಗೆ ನಿಮಿಷಗಳು ಸಾಕು. ಅಷ್ಟರಲ್ಲಿ ಕೆಲಸ ಮಾಡದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಎಳೆದುಕೊಳ್ಳುವ ಸ್ಟೀರಾಯ್ಡ್ ಕೋಶದೊಳಗೆ ಹೋಗಿ ಇಂಟರ್‌ಲ್ಯೂಕಿನ್ ತಯಾರಿಸುವ ವಂಶವಾಹಿಗಳನ್ನು ಅಡಗಿಸಬೇಕು. ದಿನಗಳಲ್ಲಿ ಸುಧಾರಣೆ ಕಂಡರೂ ಪೂರ್ಣ ಫಲಕ್ಕೆ ವಾರಗಳು ಬೇಕು. ನಾಲ್ಕನೇ ದಿನ ಚೆನ್ನಾಗಿದ್ದೇನೆಂದು ನಿಲ್ಲಿಸಿದರೂ ತಪ್ಪು, ನಾಲ್ಕನೇ ದಿನ ಏನೂ ಆಗಲಿಲ್ಲವೆಂದು ಬಿಟ್ಟರೂ ತಪ್ಪು.

ಎಲ್ಲ ಸರಿಪಡಿಸಿದ ಮೇಲೂ ಉಳಿಯುವ ತೀವ್ರ ಅಸ್ತಮಾಕ್ಕೆ ಒಂದೊಂದೇ ರಾಸಾಯನಿಕವನ್ನು ಗುರಿಯಿಡುವ ಚುಚ್ಚುಮದ್ದುಗಳಿವೆ. ಐಜಿಇಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಮಾಲಿಜುಮ್ಯಾಬ್, ಇಂಟರ್‌ಲ್ಯೂಕಿನ್ 5ಕ್ಕೆ 2015ರ ಮೆಪೊಲಿಜುಮ್ಯಾಬ್, 4 ಮತ್ತು 13ಕ್ಕೆ ಡ್ಯುಪಿಲುಮ್ಯಾಬ್, ಶ್ವಾಸನಾಳದ ಒಳಪೊರೆಯಿಂದಲೇ ಹೊರಡುವ ಟಿಎಸ್‌ಎಲ್‌ಪಿ ಎಂಬ ಮೊದಲ ಸಂಕೇತಕ್ಕೆ 2021ರ ಟೆಜೆಪೆಲುಮ್ಯಾಬ್. ಇವು ಬಹಳ ದುಬಾರಿ. ಕೆಲಸ ಮಾಡುತ್ತಿದೆಯೇ ಎಂದು ತೀರ್ಮಾನಿಸಲು ಸುಮಾರು ನಾಲ್ಕು ತಿಂಗಳು ಬೇಕು. ಹಾಗಾಗಿ ಯಾರಾದರೂ ಇದನ್ನು ಸೂಚಿಸಿದರೆ, ಯಾವ ಪರೀಕ್ಷೆಯ ಯಾವ ಸಂಖ್ಯೆ ನೋಡಿ ಈ ಮದ್ದನ್ನೇ ಆರಿಸಿದಿರಿ ಎಂದು ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ, ಒಳ್ಳೆಯ ವೈದ್ಯರು ಸಂತೋಷದಿಂದ ಉತ್ತರಿಸುತ್ತಾರೆ.